ಎರಡು ಮೈಕಿನ ನಡುವೆ ಮಾಯವಾದ ಮೈಕಕ್ಕ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂರುವ ಗುಮಾಸ್ತನಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಸಿರಾಡುತ್ತಿತ್ತು. ಡ್ರೈವರುಗಳಿಂದ ಹಿಡಿದು ಕಸ ಗುಡಿಸುವವಳ ತನಕ ಎಲ್ಲರಿಗೂ ಅವನು ಎರಡ್ಕಿವಿ. ಇದರಲ್ಲಿ ಅವರ ತಪ್ಪೇನೂ ಇಲ್ಲ. "ಮನುಷ್ಯನಿಗೆ ಎರಡು ಕಿವಿ ಯಾಕಿದೆ, ಹೇಳಿ ನೋಡೋಣ?" ಎಂದು ಎದುರಿಗೆ ಸಿಕ್ಕವರನ್ನೆಲ್ಲ ಹಿಡಿದು ನಿಲ್ಲಿಸುವುದು, ಅವರು "ಕನ್ನಡಕ ಸಿಗಿಸೋಕೆ" ಎಂದರೆ ನೊಂದುಕೊಳ್ಳುವುದು, ಆಮೇಲೆ ಎರಡು ಮೈಕಿನಿಂದ ಎರಡು ಕಿವಿಗೆ ಧ್ವನಿ ಹಿಡಿಯುವ ಸ್ಟೀರಿಯೋ ಎಂಬ ಮಹಾವಿದ್ಯೆಯ ಬಗ್ಗೆ ಅರ್ಧ ಗಂಟೆ ಉಪನ್ಯಾಸ ಕೊಡುವುದು ಅವನ ಪದ್ಧತಿ. ಬಸ್ಸಿನ ಹೊತ್ತು ಕೇಳಲು ಬಂದ ಎಷ್ಟೋ ಜನ ಬಸ್ಸು ತಪ್ಪಿಸಿಕೊಂಡು ಸ್ಟೀರಿಯೋ ಕಲಿತು ಮನೆಗೆ ಹೋಗಿದ್ದಾರೆ.

ಅವನ ಹತ್ತಿರ ಎರಡು ಮೈಕುಗಳಿದ್ದವು. ಹತ್ತಿಯಲ್ಲಿ ಸುತ್ತಿ, ಬೀರುವಿನಲ್ಲಿ ಹೆಂಡತಿಯ ರೇಷ್ಮೆ ಸೀರೆಗಳ ನಡುವೆ ಮಲಗಿಸುತ್ತಿದ್ದ. ಒಂದರ ವೈರು ಕಂಪನಿಯದು. ಇನ್ನೊಂದರದು ಇಲಿ ಕಡಿದು ಹಾಳಾದ್ದರಿಂದ, ಎರಡು ಭಾನುವಾರ ಕೂತು, ಮೂರು ಬೆರಳು ಸುಟ್ಟುಕೊಂಡು ತಾನೇ ಬೆಸುಗೆ ಹಾಕಿದ್ದ. ಆ ವೈರನ್ನು ಬಂದವರಿಗೆಲ್ಲ ತೋರಿಸುತ್ತಿದ್ದ.

ವಿದ್ಯೆ ಇಷ್ಟಿತ್ತು. ಧೈರ್ಯ ಮಾತ್ರ ಅಷ್ಟಕ್ಕಷ್ಟೆ. ಹಲ್ಲಿ, ಲಿಫ್ಟು, ಸರ್ಕಾರಿ ಮೊಹರಿನ ಲಕೋಟೆ ಮತ್ತು ನಿಲ್ದಾಣದ ಕಂಟ್ರೋಲರ್ ಸಾಹೇಬರು, ಈ ನಾಲ್ಕನ್ನು ಕಂಡರೆ ಅವನ ಅಂಗೈ ಬೆವರುತ್ತಿತ್ತು. ಮೊದಲ ಮೂರಕ್ಕೆ ಕಣ್ಣು ಮುಚ್ಚಿಕೊಂಡರೆ ಸಾಕಾಗುತ್ತಿತ್ತು.

ಆ ನಿಲ್ದಾಣಕ್ಕೆ ಇದ್ದದ್ದು ಒಂದೇ ಒಂದು ಧ್ವನಿವರ್ಧಕದ ಹಾರ್ನು. ಅಂಗಳದ ನಡುವೆ ಕಂಬದ ತುದಿಯಲ್ಲಿ ದೊಡ್ಡ ತಗಡಿನ ಹೂವಿನ ಹಾಗೆ ಅರಳಿ ನಿಂತಿತ್ತು. ಅದರೊಳಗಿಂದ ಇಪ್ಪತ್ತಾರು ವರ್ಷಗಳಿಂದ ಮಾತಾಡುತ್ತಿದ್ದವರು ಮೈಕಕ್ಕ. ಅಕ್ಕ "ಪ್ರಯಾಣಿಕರ ಗಮನಕ್ಕೆ" ಎಂದರೆ ಸಾಕು, ಜೇಬಿಗೆ ಕೈ ಹಾಕಿದ್ದ ಕಳ್ಳನೂ ಕೈ ತೆಗೆದು ನೆಟ್ಟಗೆ ನಿಲ್ಲುತ್ತಿದ್ದ. ಅಂಥ ಮೈಕಕ್ಕ ಮಗಳ ಬಾಣಂತನಕ್ಕೆ ಹದಿನೈದು ದಿನ ರಜೆ ಕೇಳಿದಾಗ ಕಂಟ್ರೋಲರ್ ಸಾಹೇಬರಿಗೆ ತಲೆಬಿಸಿಯಾಯಿತು. ಎರಡ್ಕಿವಿಗೆ ಹೇಳಿಕಳಿಸಿದರು.

"ಅದೇನೋ ರೆಕಾರ್ಡಿಂಗ್ ಮಾಡ್ತೀಯಂತಲ್ಲ. ಅಕ್ಕನ ಹನ್ನೆರಡು ಘೋಷಣೆ ಹಿಡಿದಿಟ್ಟು ದಿನಾ ಹಾಕು. ಒಂದು ಮೈಕ್ ಸಾಕಲ್ವಾ?"

ಎರಡ್ಕಿವಿಗೆ ಅಂಗೈ ಬೆವರಿತು. ಆದರೂ ವಿದ್ಯೆಯ ಮರ್ಯಾದೆಯ ಪ್ರಶ್ನೆ. "ಒಂದರಲ್ಲಿ ಆದ್ರೆ ಅಕ್ಕ ಡಬ್ಬದೊಳಗೆ ಕೂತ ಹಾಗಿರುತ್ತೆ ಸಾರ್. ಎರಡರಲ್ಲಿ ಹಿಡಿದ್ರೆ ಕಣ್ಣೆದುರಿಗೇ ಬಂದು ನಿಂತ ಹಾಗಿರುತ್ತೆ."

"ಕಣ್ಣೆದುರಿಗೆ ನಿಲ್ಲೋದೇನೂ ಬೇಡ. ಬಸ್ ನಂಬರ್ ಕೇಳಿಸಿದ್ರೆ ಸಾಕು," ಎಂದರು ಸಾಹೇಬರು. ಎರಡ್ಕಿವಿ ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡ.

ಶನಿವಾರ ಮಧ್ಯಾಹ್ನ ಪಾರ್ಸೆಲ್ ಕೋಣೆಯ ಕಿಟಕಿಗಳಿಗೆ ಗೋಣಿಚೀಲ ತುರುಕಿ ರೆಕಾರ್ಡಿಂಗ್ ಶುರುವಾಯಿತು. ಕೋಣೆಯ ನಡುವೆ ಅಕ್ಕನನ್ನು ನಿಲ್ಲಿಸಿ, ಎಡಕ್ಕೊಂದು ಬಲಕ್ಕೊಂದು ಮೈಕು ಇಟ್ಟ. ಹೆಂಡತಿಯ ಹೊಲಿಗೆ ಟೇಪು ತೆಗೆದು ಎಡ ಮೈಕಿನಿಂದ ಅಕ್ಕನ ಮೂಗಿಗೆ ಅಳೆದ, ಮೂರು ಅಡಿ. ಬಲ ಮೈಕಿನಿಂದ ಮೂಗಿಗೆ ಅಳೆದ, ಮೂರು ಅಡಿ ಕಾಲಿಂಚು. ಮೈಕನ್ನು ಕಾಲಿಂಚು ಸರಿಸಿದ.

"ಅಕ್ಕಾ, ಇನ್ನು ಮೂಗು ಅಲ್ಲಾಡಿಸಬೇಡಿ."

"ಮೂಗು ಅಲ್ಲಾಡಿಸದೆ ಮಾತಾಡೋಕೆ ನಾನೇನು ಮರದ ಗೊಂಬೆನಾ? ಬೇಗ ಮುಗಿಸಪ್ಪ, ನನ್ನ ಬಸ್ಸಿಗೆ ಹೊತ್ತಾಯ್ತು."

ಅಷ್ಟರಲ್ಲಿ ಕಂಟ್ರೋಲರ್ ಸಾಹೇಬರು ಫೋನು ಹಿಡಿದುಕೊಂಡು ಒಳಗೆ ಬಂದರು. ಇಡೀ ನಿಲ್ದಾಣದಲ್ಲಿ ಅವರ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಆ ಕೋಣೆಯ ಎಡ ಮೂಲೆಯಲ್ಲಿ ಮಾತ್ರ. ಎಡ ಮೈಕಿನ ಪಕ್ಕದ ಮೂಟೆಯ ಮೇಲೆ ಕೂತು, ಬಾಯಿಗೆ ಅಂಗೈ ಅಡ್ಡ ಹಿಡಿದು, ಯಾರೊಂದಿಗೋ ಪಿಸುಪಿಸು ಮಾತಿಗೆ ತೊಡಗಿದರು. "ಸಾರ್, ಸ್ವಲ್ಪ ಸುಮ್ಮನಿರಿ" ಎಂಬ ವಾಕ್ಯ ಎರಡ್ಕಿವಿಯ ಗಂಟಲ ತನಕ ಬಂದು, ಅಲ್ಲಿಂದ ಹೊರಗೆ ಇಣುಕಿ ನೋಡಿ, ವಾಪಸ್ಸು ಹೊಟ್ಟೆಗೆ ಇಳಿಯಿತು. ಅಕ್ಕನ ಕಂಚಿನ ಕಂಠದ ಕೆಳಗೆ ಪಿಸುಮಾತು ಯಾರಿಗೆ ಕೇಳುತ್ತದೆ ಎಂದು ಸಮಾಧಾನ ಮಾಡಿಕೊಂಡು ಹನ್ನೆರಡೂ ಘೋಷಣೆ ಮುಗಿಸಿದ. ಅಕ್ಕ ಚೀಲ ಎತ್ತಿಕೊಂಡು ಬಸ್ಸಿಗೆ ಓಡಿದರು.

ಮನೆಯಲ್ಲಿ ಹೆಂಡತಿಯ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿದ.

"ಧ್ವನಿ ಎಲ್ಲಿಂದ ಬರ್ತಿದೆ ಅಂತಲೇ ಗೊತ್ತಾಗಲ್ವಲ್ರೀ," ಎಂದಳು ಅವಳು. "ಒಂದ್ಸಲ ಬೆನ್ನ ಹಿಂದೆ ಅನ್ಸುತ್ತೆ, ಒಂದ್ಸಲ ತಲೆ ಒಳಗೆ ಅನ್ಸುತ್ತೆ. ಯಾರೋ ಮೆದುಳನ್ನ ಎರಡೂ ಕಡೆಯಿಂದ ಹಿಂಡಿದ ಹಾಗಾಗ್ತಿದೆ."

"ಅದೇ ಸ್ಟೀರಿಯೋ!" ಎಂದು ಅವನು ಹೆಮ್ಮೆಯಲ್ಲಿ ಕುರ್ಚಿ ಬಿಟ್ಟೇ ಎದ್ದ.

ಸೋಮವಾರ ಬೆಳಗ್ಗೆ ಏಳೂವರೆ. ಅಂಗಳ ತುಂಬ ಜನ. ಎರಡ್ಕಿವಿ ರೆಕಾರ್ಡಿಂಗ್ ಯಂತ್ರದ ಎಡ ಬಲ ಎರಡೂ ವೈರುಗಳನ್ನು ಹಾರ್ನಿನ ಆಂಪ್ಲಿಫೈಯರಿಗೆ ಒಟ್ಟಿಗೆ ಸಿಕ್ಕಿಸಿ, ಮನಸ್ಸಿನಲ್ಲೇ ಶಾಲು ಹೊದಿಸಿಕೊಂಡು, ಗುಂಡಿ ಒತ್ತಿದ.

ಹಾರ್ನಿನಿಂದ ಮೈಕಕ್ಕ ಬರಲಿಲ್ಲ.

ಮೊದಲು ಗಾಳಿಯ ಸುಯ್ ಎಂಬ ಸದ್ದು ಬಂತು. ಅದರ ಹಿಂದೆ, ಆಳವಾದ ಬಾವಿಯ ತಳದಲ್ಲಿ ಯಾರೋ ಹೆಂಗಸು ಬಾಯಿಗೆ ಬಟ್ಟೆ ತುರುಕಿಕೊಂಡು ನರಳಿದ ಹಾಗೆ ಒಂದು ಊಳು. ಮಾತಿಲ್ಲ, ಅಕ್ಷರವಿಲ್ಲ, ಬರೀ ಪ್ರತಿಧ್ವನಿ. ಅಂಗಳದಲ್ಲಿ ಚಹಾ ಹೀರುತ್ತಿದ್ದವರ ಲೋಟಗಳು ತುಟಿಯಲ್ಲೇ ನಿಂತವು. ಆಗ ಆ ಊಳಿನ ನಡುವಿನಿಂದ, ಪ್ರತಿಯೊಬ್ಬರ ಕಿವಿಗೂ ಬಾಯಿಟ್ಟು ಹೇಳಿದಷ್ಟು ಸ್ಪಷ್ಟವಾಗಿ, ಒಂದು ಪಿಸುಮಾತು ಹೊರಬಿತ್ತು.

"ಏಳನೇ ನಂಬರಿಗೆ ಬ್ರೇಕ್ ಹಿಡಿಯಲ್ಲ... ನಂಗೂ ಗೊತ್ತು... ಯಾರಿಗೂ ಹೇಳಬೇಡ... ಇಳಿಜಾರಲ್ಲಿ ಮೆಲ್ಲಗೆ ಹೋಗಲಿ... ದೇವರಿದ್ದಾನೆ..."

ಪಿಸುಮಾತಿಗೆ ಗಂಡು ಹೆಣ್ಣು ಎಂಬ ಭೇದವಿಲ್ಲ, ಬದುಕಿದವರು ಸತ್ತವರು ಎಂಬ ಭೇದವೂ ಇಲ್ಲ. ಏಳನೇ ನಂಬರಿನಲ್ಲಿ ಕೂತಿದ್ದ ನಲವತ್ತು ಜನ ಬಾಗಿಲಿಗೆ ಕಾಯದೆ ಕಿಟಕಿಗಳಿಂದ ಇಳಿದರು. ನಿಲ್ದಾಣದ ಕಾವಲು ಪೊಲೀಸಪ್ಪ ಸೀಟಿ ಊದಲು ಹೋದ, ಉಸಿರು ಒಳಗೇ ಉಳಿದದ್ದರಿಂದ ಸೀಟಿ ಕೂಗಲಿಲ್ಲ. ಏಳನೇ ನಂಬರಿನ ಡ್ರೈವರು ಮಾತ್ರ ಇಳಿದು ಬಂದು, ಹಾರ್ನಿಗೆ ಕೈ ಮುಗಿದ.

"ಬ್ರೇಕ್ ಪೆಡಲ್ಲು ಸ್ಪಂಜಿನ ಹಾಗಾಗಿದೆ ಅಂತ ಎಂಟು ದಿನದಿಂದ ಬರೆದು ಬರೆದು ಕೊಟ್ಟೆ. ಮನುಷ್ಯರು ಒಬ್ಬರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ದೆವ್ವಕ್ಕಾದ್ರೂ ಕರುಣೆ ಬಂತಲ್ಲ!"

ದೆವ್ವ ಎಂಬ ಪದ ಒಮ್ಮೆ ಹೊರಬಿದ್ದ ಮೇಲೆ ಅದು ಯಾರದ್ದು ಎಂಬ ಪ್ರಶ್ನೆ ಏಳದೇ ಇರುತ್ತದೆಯೇ? ಲೇಡಿ ಕಂಡಕ್ಟರು ಮೈಕಕ್ಕನಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಹತ್ತು ಸಲ ಮಾಡಿದಳು. ಎತ್ತಲಿಲ್ಲ. ಹನ್ನೊಂದು ಗಂಟೆಗೆ ಮೈಕಕ್ಕ ಹೃದಯ ನಿಂತು ತೀರಿಕೊಂಡರು. ಒಂದು ಗಂಟೆಗೆ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡರು. ಮೂರು ಗಂಟೆಯ ಹೊತ್ತಿಗೆ ಏಳನೇ ನಂಬರಿನ ಬಸ್ಸಿನಲ್ಲೇ ತೀರಿಕೊಂಡಿದ್ದರು, ಆ ಬಸ್ಸು ಬೆಳಗಿನಿಂದ ನಿಂತ ಜಾಗ ಬಿಟ್ಟು ಅಲ್ಲಾಡಿರದಿದ್ದರೂ. ಅವರು ಕೂರುತ್ತಿದ್ದ ಕುರ್ಚಿಯ ಮೇಲೆ ಯಾರೋ ಹೂವಿಟ್ಟರು. ಅದೇ ಕುರ್ಚಿಗಾಗಿ ವರ್ಷಗಟ್ಟಲೆ ಜಗಳವಾಡಿದ್ದ ಟಿಕೆಟ್ ಕೌಂಟರಿನವಳು ಎಲ್ಲರಿಗಿಂತ ಜೋರಾಗಿ ಅತ್ತಳು.

ಎರಡ್ಕಿವಿ ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ನಡೆದದ್ದನ್ನು ಹೇಳಿದ. ಹೆಂಡತಿ ಎಲ್ಲ ಕೇಳಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ನಾನು ಅವತ್ತೇ ಅಂದೆ. ಒಂದು ಕಡೆಯಿಂದ ಎಳೆದಿದ್ರೆ ಬರೀ ಧ್ವನಿ ಬರ್ತಿತ್ತು. ನೀವು ಎರಡೂ ಕಡೆಯಿಂದ ಎಳೆದ್ರಿ. ಪ್ರಾಣ ಹೇಗ್ರೀ ಉಳಿಯುತ್ತೆ?"

"ಹಾಗೆಲ್ಲ ಆಗಲ್ಲ ಕಣೇ," ಎಂದ. ಹೇಳಿದ ಧಾಟಿ ಅವನಿಗೇ ನಂಬಿಕೆ ಬರುವಂತಿರಲಿಲ್ಲ. ಮೈಕುಗಳನ್ನು ಬೀರುವಿನಿಂದ ತೆಗೆಸಿ ಬಚ್ಚಲುಮನೆಯಲ್ಲಿ ಇಡಿಸಿದ. ಆಮೇಲೆ ಗಂಡ ಹೆಂಡತಿ ಇಬ್ಬರೂ ಬಚ್ಚಲಿಗೆ ಹೋಗಲು ಹೆದರಿ, ಪಕ್ಕದ ಮನೆಯವರ ಬಚ್ಚಲು ಬೇಡಿಕೊಳ್ಳುವ ಸ್ಥಿತಿ ಬಂತು.

ಮಂಗಳವಾರ ಸಾಹೇಬರು ಬಾಗಿಲು ಹಾಕಿಕೊಂಡು ಅವನನ್ನು ಒಳಗೆ ಕರೆದರು. ಅವರ ಮುಖ ಸುಣ್ಣ ಬಳಿದಂತಿತ್ತು. ಸಾಹೇಬರೂ ಹೆದರುತ್ತಾರೆ ಎಂಬುದು ಎರಡ್ಕಿವಿಗೆ ಹೊಸ ವಿಷಯ. ಅದರಿಂದ ಅವನ ಹೆದರಿಕೆ ಇಮ್ಮಡಿಯಾಯಿತು.

"ಆ ಯಂತ್ರದಲ್ಲಿರೋದನ್ನ ಅಳಿಸಿಬಿಡು. ಯಾರು ಕೇಳಿದ್ರೂ ಗಾಳಿ ಅನ್ನು. ನಾಳೆ ಹೆಡ್ಡಾಫೀಸಿಂದ ವಿಚಾರಣೆಗೆ ಬರ್ತಿದ್ದಾರೆ. ಬಾಯಿ ಬಿಟ್ಟೆಯೋ, ನಿನ್ನ ಕಿಟಕಿಗೆ ಬೇರೆಯವರು ಬರ್ತಾರೆ."

ಅಳಿಸಲು ಅವನು ಎರಡು ಸಲ ಗುಂಡಿಯ ಮೇಲೆ ಬೆರಳಿಟ್ಟ. ಒಮ್ಮೆ ಪ್ರಾಣ ತೆಗೆದದ್ದಾಯಿತು, ಉಳಿದ ಧ್ವನಿಯನ್ನೂ ತೆಗೆದರೆ ಅಕ್ಕ ಸುಮ್ಮನೆ ಬಿಟ್ಟಾರೆಯೇ ಎನಿಸಿ ಬೆರಳು ಹಿಂದೆ ಬಂತು. ಯಂತ್ರ, ಮೈಕು, ವೈರು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಚೀಲವನ್ನು ಮೈಗೆ ತಾಗದಂತೆ ಕೈ ಚಾಚಿ ಹಿಡಿದುಕೊಂಡು, ನಿಲ್ದಾಣದ ಎದುರಿನ ಮೈಕ್‌ಸೆಟ್ ಅಂಗಡಿಗೆ ಹೋದ. ಆ ಹಾರ್ನನ್ನು ಕಂಬಕ್ಕೆ ಏರಿಸಿದವನೇ ಅಂಗಡಿಯ ಮುದುಕ. ನಲವತ್ತು ವರ್ಷ ಹಾರ್ನುಗಳ ಪಕ್ಕ ಕೂತು ಅವನ ಕಿವಿ ಮಂದವಾಗಿತ್ತು. ಅದರಿಂದ ದೆವ್ವದ ಸುದ್ದಿ ಅವನನ್ನು ಮುಟ್ಟಿರಲಿಲ್ಲ.

ಮುದುಕ ಕಿವಿಗೆ ಅಂಗೈ ಒಡ್ಡಿ ಎಲ್ಲವನ್ನೂ ಎರಡೆರಡು ಸಲ ಹೇಳಿಸಿ ಕೇಳಿಕೊಂಡು, ಬೆಸುಗೆಯ ವೈರನ್ನು ಬಿಚ್ಚಿ, ಕನ್ನಡಕ ಮೇಲೆತ್ತಿ ನೋಡಿದ.

"ಇದಕ್ಕೆ ಬೆಸುಗೆ ಹಾಕಿದ ಮಹಾನುಭಾವ ಯಾರು?"

"ನಾನೇ," ಎಂದ ಎರಡ್ಕಿವಿ. ಆ ಗಳಿಗೆಯಲ್ಲೂ ಸ್ವಲ್ಪ ಹೆಮ್ಮೆ ಇಣುಕಿತು.

"ಎರಡು ತಂತಿ ಅದಲು ಬದಲಾಗಿದೆ ಕಣಪ್ಪಾ. ಈ ಮೈಕು ಮುಂದಕ್ಕೆ ತಳ್ಳುವಾಗ ಆ ಮೈಕು ಹಿಂದಕ್ಕೆ ಎಳೆಯುತ್ತೆ." ಮುದುಕ ಎರಡು ಅಂಗೈಗಳನ್ನೂ ಒಂದಕ್ಕೊಂದು ಒತ್ತಿ ತೋರಿಸಿದ. "ನೋಡು, ನಾನು ಎಷ್ಟು ಬಲ ಹಾಕ್ತಿದ್ದೀನಿ, ಕೈ ಮಾತ್ರ ಅಲ್ಲಾಡ್ತಿಲ್ಲ. ಹೆಡ್‌ಫೋನಲ್ಲಿ ಆದ್ರೆ ಒಂದೊಂದು ಒಂದೊಂದು ಕಿವಿಗೆ ಹೋಗುತ್ತೆ, ಗೊತ್ತಾಗಲ್ಲ. ನಮ್ಮ ಹಾರ್ನಿಗಿರೋದು ಒಂದೇ ಬಾಯಿ. ಎರಡನ್ನೂ ಕೂಡಿಸಿದಾಗ ನಡುವೆ ನಿಂತವರ ಧ್ವನಿ ಸೊನ್ನೆ. ಗೋಡೆಗೆ ಬಡಿದು ಬಂದ ಪ್ರತಿಧ್ವನಿ ಮಾತ್ರ ಉಳಿಯುತ್ತೆ. ನಿಮ್ಮ ಅಕ್ಕ ಒಂದು ಗೇಣು ಆಚೆ ಈಚೆ ನಿಂತಿದ್ರೂ ಅಷ್ಟಿಷ್ಟು ಕೇಳಿಸ್ತಿತ್ತು. ಇಷ್ಟು ಕರಾರುವಾಕ್ಕಾಗಿ ನಡುವೆ ನಿಲ್ಲಿಸಿದವರು ಯಾರು?"

"ನಾನೇ. ಟೇಪು ಹಿಡಿದು ಅಳೆದೆ."

"ಸ್ವಲ್ಪ ಸೋಮಾರಿ ಆಗಿದ್ದಿದ್ರೆ ಬಚಾವಾಗ್ತಿದ್ದೆ," ಎಂದ ಮುದುಕ.

ಹಾಗಾದರೆ ಅಕ್ಕ ಸತ್ತಿಲ್ಲ! ಎರಡ್ಕಿವಿಗೆ ಎರಡು ದಿನದ ಮೇಲೆ ಮೊದಲ ಬಾರಿಗೆ ಪೂರ್ತಿ ಉಸಿರು ಬಂತು. ಅರ್ಧ ಉಸಿರು ಹೊರಗೆ ಹೋಗುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಹೊಳೆಯಿತು. "ಮತ್ತೆ ಆ ಪಿಸುಮಾತು?"

"ಅದು ಯಾವುದೋ ಒಂದು ಮೈಕಿನ ಪಕ್ಕದಲ್ಲೇ ಆಡಿದ ಮಾತು. ಇನ್ನೊಂದಕ್ಕೆ ಸರಿಯಾಗಿ ಬಿದ್ದೇ ಇಲ್ಲ, ಹಾಗಾಗಿ ಅಳಿಸಿಲ್ಲ. ಅಕ್ಕನ ಧ್ವನಿಯ ಅಡಿಯಲ್ಲಿ ಮುಚ್ಚಿಹೋಗಿತ್ತು. ಅಕ್ಕ ಹೋದ್ರು, ಅದು ಎದ್ದು ಕೂತಿತು. ಪಕ್ಕದಲ್ಲಿ ಯಾರಿದ್ರು?"

ಎರಡ್ಕಿವಿಯ ಕಣ್ಣ ಮುಂದೆ ಎಡ ಮೂಲೆಯ ಮೂಟೆ ಬಂತು. ಮೂಟೆಯ ಮೇಲೆ ಕೂತವರು ಬಂದರು. ಬಸ್ಸುಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿನ ಮೇಸ್ತ್ರಿ ಆ ಕೂತವರ ಖಾಸಾ ಭಾವಮೈದ ಎಂಬುದೂ ನೆನಪಿಗೆ ಬಂತು. ದೆವ್ವಕ್ಕೆ ಹೆದರಿದವನು ಎಲ್ಲಿಗಾದರೂ ಓಡಿಹೋಗಬಹುದು. ಸಾಹೇಬರಿಗೆ ಹೆದರಿದವನು ಎಲ್ಲಿಗೆ ಓಡುವುದು? ಓಡುವುದಕ್ಕೂ ರಜೆ ಮಂಜೂರು ಮಾಡಬೇಕಾದವರು ಅವರೇ.

ಬುಧವಾರ ಹೆಡ್ಡಾಫೀಸಿನಿಂದ ವಿಚಾರಣಾಧಿಕಾರಿ ಮೇಡಂ ಬಂದರು. ಗಿಡ್ಡ ಮೈಕಟ್ಟು, ಮೆಲುದನಿ, ಕೈಯಲ್ಲಿ ಒಂದು ಕಡತ. ಪೊಲೀಸಪ್ಪ ತಾನು ಬಿಳಿ ಸೀರೆ ಕಂಡೆ ಎಂದ. ಟಿಕೆಟ್ ಕೌಂಟರಿನವಳು ಸೀರೆ ಹಸಿರು, ಅಂಚು ಕೆಂಪು ಎಂದು ತಿದ್ದಿದಳು. ಮೇಡಂ ಎರಡನ್ನೂ ಬರೆದುಕೊಂಡು, ರೆಕಾರ್ಡಿಂಗ್ ತರಿಸಿದರು. ಅಳಿಸಿಲ್ಲವೆಂದು ತಿಳಿದ ಸಾಹೇಬರು ಎರಡ್ಕಿವಿಯತ್ತ ನೋಡಿದ ನೋಟಕ್ಕೆ ಅವನ ಶರ್ಟಿನ ಬೆನ್ನು ಒದ್ದೆಯಾಯಿತು. ಮೇಡಂ ಹೆಡ್‌ಫೋನ್ ಹಾಕಿಕೊಂಡು ಹನ್ನೆರಡೂ ಘೋಷಣೆ ಕೇಳಿದರು.

"ಸ್ಪಷ್ಟವಾಗಿದೆಯಲ್ಲ. ಸ್ವಲ್ಪ ತಲೆ ತಿರುಗುತ್ತೆ, ಅಷ್ಟೆ. ದೆವ್ವ ಎಲ್ಲಿ?"

ಸಾಹೇಬರ ಮುಖಕ್ಕೆ ಬಣ್ಣ ವಾಪಸ್ಸು ಬಂತು. "ನಾನೂ ಅದನ್ನೇ ಹೇಳ್ತಿದ್ದೆ ಮೇಡಂ. ಜನರ ಭ್ರಮೆ. ಏಳನೇ ನಂಬರ್ ಹತ್ತೂವರೆಗೆ ಹೊರಡಿಸ್ತೀನಿ. ವರ್ಕ್‌ಶಾಪ್ ಪುಸ್ತಕದಲ್ಲಿ ಬ್ರೇಕ್ ಸರಿಯಿದೆ ಅಂತ ರುಜು ಆಗಿದೆ."

ಎರಡ್ಕಿವಿ ತನ್ನ ಕಿಟಕಿಗೆ ಬಂದು ಕೂತ. ಕೂತೆನೆಂದು ಅವನು ತಿಳಿದಿದ್ದ, ನಿಜಕ್ಕೂ ಕುರ್ಚಿಯೇ ಅವನನ್ನು ಹಿಡಿದುಕೊಂಡಿತ್ತು. ಹತ್ತು ಇಪ್ಪತ್ತಕ್ಕೆ ಕಿಟಕಿಯಾಚೆ ಒಬ್ಬ ಹೆಂಗಸು ಬಂದು ನಿಂತಳು. ಸೊಂಟದ ಮೇಲೆ ಮಗು, ಕೈಯಲ್ಲಿ ಚೀಲ.

"ಅಣ್ಣಾ, ಏನೇನೋ ಹೇಳ್ತಿದ್ದಾರೆ. ಏಳನೇ ನಂಬರು ಹತ್ತಬಹುದಾ?"

ಹನ್ನೊಂದು ವರ್ಷಗಳಲ್ಲಿ ಅವನು ಸಾವಿರಾರು ಪ್ರಶ್ನೆಗಳಿಗೆ ಉತ್ತರಿಸಿದ್ದ. ಅವುಗಳ ಉತ್ತರವೆಲ್ಲ ವೇಳಾಪಟ್ಟಿಯಲ್ಲಿತ್ತು, ಇದರದ್ದು ಇರಲಿಲ್ಲ. ಮಗು ಕಿಟಕಿಯ ಸರಳು ಹಿಡಿದುಕೊಂಡು ಅವನನ್ನೇ ನೋಡುತ್ತಿತ್ತು.

"ಇರಮ್ಮಾ. ಹತ್ತಬೇಡ. ವಿಚಾರಿಸ್ಕೊಂಡು ಬರ್ತೀನಿ," ಎಂದು ಎದ್ದ. ವಿಚಾರಣೆ ಕಿಟಕಿಯವನು ನಿಜಕ್ಕೂ ವಿಚಾರಿಸಲು ಎದ್ದದ್ದು ಆ ನಿಲ್ದಾಣದ ಇತಿಹಾಸದಲ್ಲಿ ಅದೇ ಮೊದಲು.

ಕಂಟ್ರೋಲರ್ ಕೋಣೆಗೆ ನುಗ್ಗಿದವನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. "ಮೇಡಂ, ಎ... ಎರಡು ಕಿವಿಯಲ್ಲಿ ಕೇಳಬೇಡಿ."

ಇಷ್ಟು ವರ್ಷ ತಾನು ಬೋಧಿಸಿದ್ದಕ್ಕೆಲ್ಲ ತಾನೇ ವಿರುದ್ಧ ಸಾಕ್ಷಿ ಹೇಳಿದಂತಾಯಿತು. ಆದರೂ ಎರಡೂ ವೈರು ಹಾರ್ನಿಗೆ ಸಿಕ್ಕಿಸಿ ಗುಂಡಿ ಒತ್ತಿದ. ಅಂಗಳದ ಮೇಲೆ ಮತ್ತೆ ಊಳು ಎದ್ದಿತು. ಏಳನೇ ನಂಬರು, ಬ್ರೇಕು, ಇಳಿಜಾರು, ದೇವರು, ಎಲ್ಲ ಸಾಲಾಗಿ ಹೊರಬಿದ್ದವು. ಆಮೇಲೆ ಅವನು ಮೈಕು, ಮೂಗು, ಮೂಟೆ ಎಂದು ತೊದಲುತ್ತ ವಿವರಿಸಿದ. ಮೂಟೆಯ ಮೇಲೆ ಯಾರಿದ್ದರು ಎಂದು ಹೇಳುವ ಹೊತ್ತಿಗೆ ಸ್ವರ ಅಡಗಿ, ಬೆರಳು ಮಾತ್ರ ಸಾಹೇಬರ ಕಡೆಗೆ ತಿರುಗಿತು.

"ಸುಳ್ಳು!" ಸಾಹೇಬರು ಮೇಜು ಗುದ್ದಿದರು. "ನನ್ನ ಧ್ವನಿ ಹೀಗಿದೆಯಾ ಮೇಡಂ? ಅದು ದೆವ್ವವೇ! ಸಾಕ್ಷಾತ್ ದೆವ್ವ!"

"ಈಗ ತಾನೇ ಭ್ರಮೆ ಅಂದ್ರಿ?"

"ಈಗ ನಂಬಿಕೆ ಬಂತು ಮೇಡಂ!"

"ಸರಿ, ಬರೆದುಕೊಡಿ," ಎಂದರು ಮೇಡಂ ಮೆಲ್ಲಗೆ. ಸದರಿ ಧ್ವನಿಯು ದೆವ್ವದ್ದಾಗಿರುತ್ತದೆ, ಸದರಿ ಬಸ್ಸಿನ ಬ್ರೇಕು ಸುಸ್ಥಿತಿಯಲ್ಲಿರುತ್ತದೆ ಎಂದು ಸಾಹೇಬರು ಬರೆದು ರುಜು ಹಾಕಿ ಮೊಹರನ್ನೂ ಒತ್ತಿದರು. ಮೇಡಂ ಕಾಗದವನ್ನು ಕಡತಕ್ಕೆ ಸೇರಿಸಿ ಎದ್ದುನಿಂತರು. "ಬನ್ನಿ. ಬ್ರೇಕ್ ಚೆನ್ನಾಗಿದೆಯಲ್ಲ, ಇಳಿಜಾರಿನ ತನಕ ಒಂದು ಸುತ್ತು ಹೋಗಿಬರೋಣ. ನೀವು ಮುಂದಿನ ಸೀಟಲ್ಲಿ, ನಾನು ನಿಮ್ಮ ಹಿಂದೆ."

ಅಂಗಳದ ಜನವೆಲ್ಲ ಎರಡು ಸಾಲಾಗಿ ನಿಂತು ದಾರಿ ಬಿಟ್ಟರು. ಮೇಡಂ ಹತ್ತಿ ಕೂತರು. ಡ್ರೈವರು ಸಾಹೇಬರ ಮುಖ ನೋಡಿ, ಒಂದು ಕಣ್ಣು ಸಣ್ಣಗೆ ಮಾಡಿ, ಎಂಜಿನ್ ಶುರು ಮಾಡಿದ. ಇಡೀ ಬಸ್ಸು ಗಡಗಡ ನಡುಗಿತು. ಸಾಹೇಬರು ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು, ಬಾಗಿಲಿನ ಕಂಬಿಯನ್ನು ಎರಡೂ ಕೈಗಳಿಂದ ತಬ್ಬಿಕೊಂಡು ಅಲ್ಲೇ ನಿಂತರು.

"ಹತ್ತಿ," ಎಂದರು ಮೇಡಂ.

"ಮೇಡಂ..."

"ಬಿಡಪ್ಪಾ ಗಾಡಿ."

"ಬೇಡ! ಬ್ರೇಕಿಲ್ಲ ಮೇಡಂ! ಇಳೀರಿ ಮೇಡಂ!" ಸಾಹೇಬರ ಕೂಗಿಗೆ ಹಾರ್ನು ಬೇಕಿರಲಿಲ್ಲ. "ಆ ದೆವ್ವ ನಾನೇ!"

ಏಳನೇ ನಂಬರನ್ನು ಇನ್ನೊಂದು ಬಸ್ಸಿಗೆ ಹಗ್ಗ ಕಟ್ಟಿ ವರ್ಕ್‌ಶಾಪಿಗೆ ಎಳೆದೊಯ್ದರು. ಬ್ರೇಕಿನ ಎಣ್ಣೆ ಎಂದೋ ಸೋರಿ ಒಣಗಿಹೋಗಿತ್ತಂತೆ. ಸಾಹೇಬರು, ಅವರ ಭಾವಮೈದ ಇಬ್ಬರೂ ಅಮಾನತ್ತಾದರು. ತೊದಲಿದ್ದಕ್ಕಾಗಲಿ ಬೆಸುಗೆಗಾಗಲಿ ಎರಡ್ಕಿವಿಗೆ ಶಿಕ್ಷೆಯಾಗಲಿಲ್ಲ. ಆದರೆ ಕೆಲಸದ ಹೊತ್ತಿನಲ್ಲಿ ಕಿಟಕಿ ಬಿಟ್ಟು ಎದ್ದುಹೋದದ್ದೇಕೆ ಎಂದು ವಿವರಣೆ ಕೇಳಿ ಸರ್ಕಾರಿ ಮೊಹರಿನ ಲಕೋಟೆ ಬಂತು. ಅದನ್ನು ಅವನು ಕಣ್ಣು ಮುಚ್ಚಿಕೊಂಡೇ ಒಡೆದ.

ಶುಕ್ರವಾರ ಬೆಳಗ್ಗೆ ಮೈಕಕ್ಕ ಬಂದಿಳಿದರು. ಸಂತಾಪ ಸೂಚಿಸಲು ಯಾರೋ ಅವರ ಅಳಿಯನಿಗೆ ಮಾಡಿದ ಫೋನನ್ನು ಖುದ್ದು ಅಕ್ಕನೇ ಎತ್ತಿಕೊಂಡಿದ್ದರು. ಯಾರ ಜೊತೆಗೂ ಒಂದು ಮಾತಾಡದೆ, ಧುಮುಗುಟ್ಟುತ್ತ ಹಿಂಬಾಗಿಲಿನಿಂದ ಬಂದು, ಕುರ್ಚಿಯ ಮೇಲಿನ ಬಾಡಿದ ಹೂವನ್ನು ಕೊಡವಿ ಹಾಕಿ, ಕೂತರು.

"ಮಗು ಮಲಗಲಿ ಅಂತ ಫೋನಿನ ಬಾಯಿ ಮುಚ್ಚಿ ಡ್ರಾಯರಿನಲ್ಲಿಟ್ಟರೆ, ನನ್ನನ್ನೇ ಮಣ್ಣು ಮಾಡಿದ್ರಾ?" ಎಂದು ಎದುರಿಗಿದ್ದ ಎರಡ್ಕಿವಿಯನ್ನು ಸುಡುವ ಹಾಗೆ ನೋಡಿ, ಮೈಕಿನ ಗುಂಡಿ ಒತ್ತಿ, ಇಪ್ಪತ್ತಾರು ವರ್ಷದ ಗತ್ತಿನಲ್ಲಿ ಅಂದರು.

"ಪ್ರಯಾಣಿಕರ ಗಮನಕ್ಕೆ!"

ಅಂಗಳದಲ್ಲಿ ಮುನ್ನೂರು ಜನರಿದ್ದರು. ಪಿಸುಮಾತು ಸಾಹೇಬರದ್ದೆಂದು ಬಯಲಾಗಿದ್ದರೂ ಅಕ್ಕನ ಸಾವಿನ ಸುದ್ದಿಯನ್ನು ಯಾರೂ ವಾಪಸ್ಸು ತೆಗೆದುಕೊಂಡಿರಲಿಲ್ಲ. ಸತ್ತವರ ಧ್ವನಿ ಅಷ್ಟು ಸ್ಪಷ್ಟವಾಗಿ, ಅಷ್ಟು ಹತ್ತಿರದಿಂದ ಕೇಳಿದ ಮೇಲೆ ಯಾರು ನಿಲ್ಲುತ್ತಾರೆ? ಯಾವ ಬಸ್ಸು, ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಕೇಳುವ ಗೊಡವೆಗೆ ಹೋಗದೆ ಎದುರಿಗೆ ಬಾಗಿಲು ತೆರೆದಿದ್ದ ಬಸ್ಸುಗಳಿಗೆಲ್ಲ ನುಗ್ಗಿದರು. ಡ್ರೈವರುಗಳು ಎಲ್ಲರಿಗಿಂತ ಮುಂಚೆ ಹತ್ತಿ ಗಾಡಿ ಬಿಟ್ಟರು. ಅಂದು ಏಳನೇ ನಂಬರು ಬಿಟ್ಟು ಉಳಿದ ಬಸ್ಸುಗಳೆಲ್ಲ ಒಂದು ನಿಮಿಷ ತಡವಿಲ್ಲದೆ, ಭರ್ತಿಯಾಗಿ ಹೊರಟವು.

ಅಕ್ಕ ಬದುಕಿದ್ದಾರೆಂದು ಖಚಿತವಾಗಿ ಗೊತ್ತಿದ್ದವನು, ಅವರನ್ನು ಎದುರಿಗೇ ಕಂಡವನು, ತಂತಿ ಯಾವುದು ತಿರುಗಾ ಮುರುಗಾ ಆಗಿತ್ತೆಂದು ಬಲ್ಲವನು ಎರಡ್ಕಿವಿಯೊಬ್ಬನೇ. ಆದರೆ ಅವನ ಕಾಲುಗಳಿಗೆ ಇದನ್ನು ಯಾರೂ ವಿವರಿಸಿರಲಿಲ್ಲ. ಅವನು ನಾಲ್ಕನೇ ನಂಬರಿನ ಹಿಂದಿನ ಸೀಟಿನಲ್ಲಿ ಸಿಕ್ಕಿದ. ಊರು ದಾಟಿ ಎಂಟು ಮೈಲಿ ಹೋದ ಮೇಲೆ ಪಕ್ಕದವರನ್ನು ಮೆಲ್ಲಗೆ ಕೇಳಿದನಂತೆ, "ಸ್ವಾಮೀ, ಈ ಬಸ್ಸು ಎಲ್ಲಿಗೆ ಹೋಗುತ್ತೆ?"